ಅವಳು ಬದುಕಿದ್ದಾಗಿನ ಫೋಟೊ ಹಾಕಿ

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಅಪರಾಧ ಸುದ್ದಿಯ ಪುಟದಲ್ಲಿ ಕೊಲೆಯಾದ ಯುವತಿಯೊಬ್ಬಳ ಶವದ ಚಿತ್ರ ಅಚ್ಚಾಗಿತ್ತು. ಮುಖವನ್ನು ಮಸುಕುಗೊಳಿಸಿದ್ದಿರಿ, ನಿಜ. ಆದರೆ ಅಸ್ತವ್ಯಸ್ತವಾದ ಬಟ್ಟೆ, ಮಣ್ಣು ಮೆತ್ತಿದ ಪಾದ ಕಣ್ಣಿಗೆ ರಾಚುತ್ತಿದ್ದವು. ಆ ಪುಟವನ್ನು ಅವಳ ತಾಯಿಯೂ ನೋಡಿರಬಹುದು ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ, ಇಂತಹ ಸಾವುಗಳನ್ನು ಹೇಗೆ ತೋರಿಸಬೇಕೆಂದು ವರ್ಷಗಟ್ಟಲೆ ತಲೆಕೆಡಿಸಿಕೊಂಡ ನಿರ್ದೇಶಕಿಯೊಬ್ಬರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅವರ ಹೆಸರು ಲೂರ್ಡೆಸ್ ಪೋರ್ಟಿಯೊ. 1943ರಲ್ಲಿ ಉತ್ತರ ಮೆಕ್ಸಿಕೋದ ಚಿವಾವಾದಲ್ಲಿ ಹುಟ್ಟಿ, 13ನೇ ವಯಸ್ಸಿನಲ್ಲಿ ಕುಟುಂಬದ ಜೊತೆ ಅಮೆರಿಕದ ಲಾಸ್ ಏಂಜಲೀಸ್ ಸೇರಿದವರು. 21ರಲ್ಲಿ ಪರಿಚಿತರೊಬ್ಬರ ಸಾಕ್ಷ್ಯಚಿತ್ರಕ್ಕೆ ಸಹಾಯ ಮಾಡಲು ಹೋದಾಗಲೇ ತಮ್ಮ ಕಸುಬು ಇದೇ ಎಂದು ಅವರಿಗೆ ಗೊತ್ತಾಯಿತಂತೆ. ಮೊದಲ ಚಿತ್ರ ಬಂದದ್ದು 1979ರಲ್ಲಿ, ಭೂಕಂಪದ ನಂತರ ನಿಕರಾಗುವಾ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ತರುಣಿಯ ಕಥೆ. 2024ರ ಏಪ್ರಿಲ್‌ನಲ್ಲಿ, 80ನೇ ವಯಸ್ಸಿನಲ್ಲಿ, ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ತೀರಿಕೊಂಡರು.

ಸುಸಾನಾ ಮುನ್ಯೋಸ್ ಜೊತೆ ಸೇರಿ ಮಾಡಿದ, ಮಕ್ಕಳನ್ನು ಕಳೆದುಕೊಂಡ ಅರ್ಜೆಂಟೀನಾದ ತಾಯಂದಿರ ಕುರಿತ 'ಲಾಸ್ ಮಾದ್ರೆಸ್' (ತಾಯಂದಿರು) ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. 1976ರಲ್ಲಿ ಅರ್ಜೆಂಟೀನಾದ ಆಡಳಿತವನ್ನು ಸೇನೆ ಕಿತ್ತುಕೊಂಡ ಮೇಲೆ ಸಾವಿರಾರು ಯುವಕ ಯುವತಿಯರು ಕಾಣೆಯಾದರು. ಮರುವರ್ಷದ ಏಪ್ರಿಲ್‌ನಲ್ಲಿ 14 ತಾಯಂದಿರು ಅಧ್ಯಕ್ಷರ ಅರಮನೆಯ ಎದುರಿನ ಪ್ಲಾಸಾ ದೆ ಮಾಯೊ ಚೌಕಕ್ಕೆ ಬಂದು ನಿಂತರು. ಗುಂಪುಗೂಡುವಂತಿಲ್ಲ, ಮುಂದೆ ನಡೆಯಿರಿ ಎಂದರು ಪೊಲೀಸರು. ತಾಯಂದಿರು ನಡೆದರು, ಚೌಕದ ಸುತ್ತಲೇ ನಡೆದರು. ಪ್ರತಿ ಗುರುವಾರ, ತಲೆಗೆ ಬಿಳಿ ವಸ್ತ್ರ ಕಟ್ಟಿ, ಮಕ್ಕಳ ಫೋಟೊ ಹಿಡಿದು. ಅವರ ಮುಂದಾಳಾಗಿದ್ದ ಅಸುಸೆನಾ ವಿಯಾಫ್ಲೋರ್ ಅವರನ್ನೂ ಅದೇ ವರ್ಷ ಸೇನೆಯವರು ಹೊತ್ತೊಯ್ದು ಕೊಂದರು. ಉಳಿದವರು ನಡೆಯುವುದನ್ನು ನಿಲ್ಲಿಸಲಿಲ್ಲ.

ಮುಂದಿನ ಚಿತ್ರ 'ಲಾ ಓಫ್ರೆಂದಾ' ಮೆಕ್ಸಿಕೋದ ಸತ್ತವರ ಹಬ್ಬದ ಬಗ್ಗೆ. ನಾವು ಮಹಾಲಯಕ್ಕೆ ಎಡೆ ಇಡುವ ಹಾಗೆ ಅಲ್ಲಿಯೂ ಗತಿಸಿದವರಿಗೆ ಇಷ್ಟವಾಗಿದ್ದ ತಿಂಡಿ, ಚೆಂಡುಹೂವು ಇಟ್ಟು ಅವರ ಫೋಟೊಕ್ಕೆ ದೀಪ ಹಚ್ಚುತ್ತಾರೆ. ಮಾವನೊಬ್ಬನ ನಿಗೂಢ ಸಾವಿನ ಜಾಡು ಹಿಡಿದು ಊರಿಗೆ ಮರಳಿ ಮಾಡಿದ 1994ರ ಚಿತ್ರವೂ ಇದೆ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ 2020ರಲ್ಲಿ ಸೇರಿದ್ದು ಅದೇ.

ಆದರೆ ನಾನು ಹೇಳಲು ಹೊರಟದ್ದು 2001ರ 'ಸೆನ್ಯೊರೀತಾ ಎಕ್ಸ್‌ತ್ರಾವಿಯಾದಾ' ಬಗ್ಗೆ. ಕಾಣೆಯಾದ ಹುಡುಗಿ ಎಂದು ಅದರ ಅರ್ಥ. ಪೋರ್ಟಿಯೊ ಅವರ ತವರು ರಾಜ್ಯದಲ್ಲೇ, ಅಮೆರಿಕದ ಎಲ್ ಪಾಸೊ ನಗರಕ್ಕೆ ಎದುರಾಗಿ, ನದಿಯ ಈಚೆ ದಡದಲ್ಲಿ ಸಿಯುದಾದ್ ಹುವಾರೆಸ್ ಇದೆ. ರಫ್ತು ಸರಕಿನ ಕಾರ್ಖಾನೆಗಳ ಊರು. ಅಲ್ಲಿ ಕೂಲಿಗೆ ಬಂದ ಬಡ ಹುಡುಗಿಯರು 1993ರಿಂದೀಚೆಗೆ ಒಬ್ಬರ ಹಿಂದೊಬ್ಬರು ಕಾಣೆಯಾಗಿ, ಮರುಭೂಮಿಯಲ್ಲಿ ಹೆಣವಾಗಿ ಸಿಕ್ಕರು. ಪೊಲೀಸರು ಯಾರನ್ನೋ ಹಿಡಿದು ಪ್ರಕರಣ ಮುಗಿಯಿತೆಂದರು, ಕೊಲೆಗಳು ನಡೆಯುತ್ತಲೇ ಇದ್ದವು. ಆ ಹುಡುಗಿಯರ ನಡತೆಯ ಮೇಲೆ ಅಧಿಕಾರಿಗಳು ಆಡಿದ ಮಾತುಗಳು ನಮಗೆ ಹೊಸವಲ್ಲ: ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಹೊರಗಿದ್ದಳು, ಎಂಥ ಬಟ್ಟೆ ತೊಟ್ಟಿದ್ದಳು.

ಇಷ್ಟೊಂದು ಸಾವುಗಳ ಚಿತ್ರದಲ್ಲಿ ಪೋರ್ಟಿಯೊ ಶವಗಳನ್ನು ಪ್ರದರ್ಶನಕ್ಕಿಡಲಿಲ್ಲ. ಮನೆಯವರು ಕೊಟ್ಟ ಫೋಟೊಗಳಲ್ಲಿ ಆ ಹುಡುಗಿಯರು ನಮ್ಮನ್ನೇ ನೇರವಾಗಿ ನೋಡುತ್ತಾರೆ. ತಾಯಂದಿರು, ಅಕ್ಕಂದಿರು ನಿಧಾನವಾಗಿ, ಯಾರೂ ಅವಸರಪಡಿಸದೆ ಮಾತನಾಡುತ್ತಾರೆ. ಬೀದಿಯ ಕಂಬಗಳಿಗೆ ಗುಲಾಬಿ ಬಣ್ಣ ಬಳಿದು ಅದರ ಮೇಲೆ ಕಪ್ಪು ಶಿಲುಬೆ ಬರೆಯುತ್ತಾರೆ. ಚಿತ್ರ ನೋಡಿ ಎದ್ದಾಗ ನನಗೆ ನೆನಪಿದ್ದದ್ದು ಗಾಯಗಳಲ್ಲ, ಆ ಕಣ್ಣುಗಳು. 2002ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ ಇದಕ್ಕೆ ಬಂತು. ಹುವಾರೆಸ್‌ನ ಹತ್ತಿ ಹೊಲವೊಂದರಲ್ಲಿ ಸಿಕ್ಕ ಯುವತಿಯರ ಪ್ರಕರಣದಲ್ಲಿ ಮೆಕ್ಸಿಕೋ ಸರ್ಕಾರವೇ ಹೊಣೆ ಎಂದು ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಅದು ತಾಯಂದಿರ ಹೋರಾಟದ ಫಲ. ಆ ತಾಯಂದಿರ ದನಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಪೋರ್ಟಿಯೊ ಒಬ್ಬರು.

ಸುದ್ದಿಮನೆಯಲ್ಲಿ ಗಡುವಿನ ಒತ್ತಡ ಇರುತ್ತದೆ ಎಂದು ಬಲ್ಲೆ. ಆದರೂ ಕೇಳಿಕೊಳ್ಳುತ್ತೇನೆ: ಸ್ಥಳದಲ್ಲಿ ತೆಗೆದ ಶವದ ಚಿತ್ರವನ್ನು ಇನ್ನು ಮುಂದೆ ದಯವಿಟ್ಟು ಅಚ್ಚುಹಾಕಬೇಡಿ. ಕುಟುಂಬದವರು ಒಪ್ಪಿ ಕೊಟ್ಟರೆ ಅವಳು ಬದುಕಿದ್ದಾಗಿನ ಫೋಟೊ ಹಾಕಿ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಗುರುತು ಹೇಳಲು ಕಾನೂನೇ ಬಿಡುವುದಿಲ್ಲ, ಅಲ್ಲಿ ಚಿತ್ರವೇ ಬೇಡ. ತನಿಖೆ ಎಲ್ಲಿಗೆ ಬಂತು ಎಂಬುದನ್ನು ತಿಂಗಳ ನಂತರವೂ ಎರಡು ಸಾಲಿನಲ್ಲಿ ತಿಳಿಸಿ. ಕಳೆದ ವಾರ ನೀವು ಚಿತ್ರ ಹಾಕಿದ ಯುವತಿಯ ಪ್ರಕರಣದಿಂದಲೇ ಇದನ್ನು ಆರಂಭಿಸಬಹುದು.

ಇತಿ,
ನಿಮ್ಮ ಓದುಗಿ,
ಶಿವಮೊಗ್ಗ