ಇಂಗ್ಲಿಷ್ ಪದಗಳನ್ನೂ ಬಿಡಿಸಿ ಕಲಿಸಿ

ಸಂಪಾದಕರೇ,

ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಮೊನ್ನೆ ರಾತ್ರಿ ‘ಫೋಟೋಸಿಂಥೆಸಿಸ್’ ಸ್ಪೆಲ್ಲಿಂಗ್ ಬಾಯಿಪಾಠ ಮಾಡುತ್ತಿದ್ದಳು. ಪಿ, ಎಚ್, ಒ, ಟಿ ಅಂತ ಒಂದೊಂದೇ ಅಕ್ಷರ, ಒಟ್ಟು 14. ಅರ್ಧ ದಾಟುವಷ್ಟರಲ್ಲಿ ತಪ್ಪಿ ಮತ್ತೆ ಮೊದಲಿಂದ ಶುರು. ಶಾಲೆಯಲ್ಲಿ ಹತ್ತು ಸಲ ಬರೆದುಕೊಂಡು ಬನ್ನಿ ಅಂದಿದ್ದಾರಂತೆ, ಅಷ್ಟೇ.

ಅದೇ ಹುಡುಗಿ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು ಗುರು ಗುರುತಿಸುತ್ತಾಳೆ. ‘ಮಳೆಗಾಲ’ ಬಿಡಿಸು ಅಂದರೆ ಮಳೆ, ಕಾಲ, ಆದೇಶ ಸಂಧಿ ಅಂತ ಥಟ್ಟನೆ ಹೇಳುತ್ತಾಳೆ. ಪದ ಬಿಡಿಸುವುದು ನಮ್ಮ ಮಕ್ಕಳಿಗೆ ಬರುತ್ತದೆ, ಅಲ್ವಾ? ಇಂಗ್ಲಿಷ್ ಪಿರಿಯಡ್‌ನಲ್ಲಿ ಯಾಕೆ ಅದನ್ನು ಬಿಟ್ಟುಬಿಡುತ್ತಾರೆ?

ನಮ್ಮದು ಇಳಕಲ್ಲಿನ ನೇಕಾರರ ಮನೆ. ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತೇವೆ. ಅದು ಕೂಡುವ ಜಾಗ ನಿನಗೆ ಗೊತ್ತಲ್ಲ, ಇಲ್ಲೂ ಹಾಗೇ ಹುಡುಕು ಅಂದೆ. ಬಾಯಲ್ಲಿ ಹೇಳಿದರೆ ಫೋ-ಟೋ-ಸಿನ್-ಥೆ-ಸಿಸ್, ಐದು ತುಂಡು. ಪಿ ಮತ್ತು ಎಚ್ ಸೇರಿ ಒಂದೇ ಸದ್ದು, ಟಿ ಮತ್ತು ಎಚ್ ಕೂಡ ಹಾಗೇ, ಅವನ್ನು ಒಡೆಯಬಾರದು. ಅರ್ಥ ನೋಡಿ ಒಡೆದರೆ ಎರಡೇ ತುಂಡು: ಫೋಟೋ ಅಂದರೆ ಗ್ರೀಕ್‌ನಲ್ಲಿ ಬೆಳಕು, ಸಿಂಥೆಸಿಸ್ ಅಂದರೆ ಕೂಡಿಸುವುದು. ಅವಳ ವಿಜ್ಞಾನ ಪುಸ್ತಕದ ದ್ಯುತಿಸಂಶ್ಲೇಷಣೆಯಲ್ಲೂ ಇರುವುದು ಅದೇ ಎರಡು ತುಂಡು. ‘ಹಂಗಾದ್ರ ಫೋಟೋಗ್ರಾಫ್ ಅಂದ್ರ ಬೆಳಕಿನಿಂದ ಬರೆದದ್ದೇನವ್ವಾ?’ ಅಂತ ಅವಳೇ ಕೇಳಿದಳು. ನನಗೆ ಎಷ್ಟು ಖುಷಿಯಾಯಿತು! ಹಿಪ್ಪೊಪೊಟಮಸ್ ಕೂಡ ಒಡೆದೆವು, ಹಿಪ್ಪೊ ಕುದುರೆ, ಪೊಟಮೊಸ್ ನದಿ, ನಮ್ಮ ನೀರುಕುದುರೆಯೇ.

ಆದರೆ ಎಲ್ಲ ಪದವನ್ನೂ ಮಕ್ಕಳು ತಾವೇ ಊಹಿಸಿ ಒಡೆಯಲು ಆಗುವುದಿಲ್ಲ. ಹೆಲಿಕಾಪ್ಟರನ್ನು ಹೆಲಿ, ಕಾಪ್ಟರ್ ಅಂತಲೇ ಎಲ್ಲರೂ ಒಡೆಯುತ್ತೇವೆ, ಹೆಲಿಪ್ಯಾಡ್ ಅನ್ನುವ ಪದ ಹುಟ್ಟಿದ್ದೂ ಹಾಗೆ ಒಡೆದೇ. ಮೂಲದಲ್ಲಿ ಅದು ಹೆಲಿಕೊ ಮತ್ತು ಪ್ಟರ್, ಅಂದರೆ ಸುರುಳಿ ಮತ್ತು ರೆಕ್ಕೆ. ಇದನ್ನು ಯಾರಾದರೂ ಹೇಳಿಕೊಡಲೇಬೇಕು. ನಾನು ಡಿಕ್ಷನರಿ ನೋಡಿ ಹೇಳಿದೆ. ನಮ್ಮ ಓಣಿಯಲ್ಲಿ ಅಷ್ಟೂ ಹೇಳುವವರಿಲ್ಲದ ಮನೆಗಳೇ ಜಾಸ್ತಿ.

ಇಂಗ್ಲಿಷ್ ಕಲಿಸುವ ಮೇಷ್ಟ್ರಿಗೆ ನನ್ನದೊಂದು ಮಾತು: ಹೊಸ ಪಾಠ ಶುರುವಾಗುವ ದಿನ ನಾಲ್ಕು ಉದ್ದ ಪದ ಬೋರ್ಡಿನ ಮೇಲೆ ಬರೆದು, ನಡುವೆ ಗೆರೆ ಎಳೆದು ತೋರಿಸಿ ಸರ್. ಹತ್ತು ನಿಮಿಷ ಸಾಕು. ಆಮೇಲೆ ಬೇಕಾದರೆ ಹತ್ತು ಸಲ ಬರೆಸಿ.

— ಒಬ್ಬ ತಾಯಿ, ಇಳಕಲ್, ಬಾಗಲಕೋಟೆ ಜಿಲ್ಲೆ