ಬೇಲಿ ಹಾಕಿಸಿದೆ ಕಣೋ

ಪ್ರೀತಿಯ ದೋಸ್ತ,

ಹಿತ್ತಿಲಿಗೆ ಬೇಲಿ ಹಾಕಿಸಿದೆ. 6 ಅಡಿಗೊಂದರಂತೆ 11 ಕಲ್ಲುಕಂಬ, 5 ಅಡಿ ಎತ್ತರದ ಜಾಲರಿ. ನಾವಿಬ್ಬರೂ ಚಡ್ಡಿ ಹರಿದುಕೊಂಡು ನುಸುಳುತ್ತಿದ್ದ ಕಂಡಿ ಈಗಿಲ್ಲ. (ಹಲಸಿನಕಾಯಿ ವಿಷಯ ಇವತ್ತಿಗೂ ಬಾಯಿಬಿಟ್ಟಿಲ್ಲ, ಹೆದರಬೇಡ.)

ಅಜ್ಜಿ ನೆಟ್ಟ ಲಕ್ಕಿ, ದಾಸವಾಳ, ನಡುನಡುವೆ ಚಿಗುರಿಕೊಂಡ ಗೊಬ್ಬರದ ಗಿಡದ ಗೂಟ, ಅದೇ ತಾನೇ ನಮ್ಮ ಬೇಲಿ? ಶೀತವಾದರೆ ಲಕ್ಕಿ ಸೊಪ್ಪಿನ ಹಬೆ. ಪೂಜೆಗೆ ಎರಡೂ ಮನೆಯವರು ಕೊಯ್ಯೋದು ಅದೇ ದಾಸವಾಳ. ಪಕ್ಕದ ಮನೆ ದೊಡ್ಡಮ್ಮನ ದನ ನುಗ್ಗಿ ನನ್ನ ಬಸಳೆ ಚಪ್ಪರ ಮೇಯ್ದು ಹೋದ ದಿನ ಸಿಟ್ಟು ನೆತ್ತಿಗೇರಿತು. ಬೇಲಿ ವರ್ಷವರ್ಷವೂ ನಮ್ಮ ಕಡೆಗೇ ಸರಿದಿದೆ ಅನ್ನೋ ಅನುಮಾನ ಬೇರೆ. ಗಡಿ ಅಳೆದು ಗುರುತಿಸಿಕೊಡಿ ಅಂತ ಹದ್ದುಬಸ್ತಿಗೆ ಅರ್ಜಿ ಕೊಟ್ಟೆ.

ಸರ್ವೆಯವರು ಬಂದು ಗಡಿಗುರುತಿನ ಬಾಂದುಕಲ್ಲು ಹುಡುಕಿ ಅಳೆದರು. ಒತ್ತಿಕೊಂಡಿದ್ದು ಅವರಲ್ಲ, ನಾವು. 60 ಅಡಿ ಉದ್ದಕ್ಕೂ 2 ಅಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ; ಅದರ ಒಂಬತ್ತನೇ ಒಂದು ಪಾಲಿನಷ್ಟು ಅವರ ನೆಲ ಇಷ್ಟು ಕಾಲ ನಮ್ಮ ಬೇಲಿಯೊಳಗಿತ್ತು. ದೊಡ್ಡಮ್ಮ ಅಳತೆ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮಜ್ಜಿ ನೆಟ್ಟಿದ್ದು, ಇದ್ದಲ್ಲೇ ಇರ್ಲಿ ಬಿಡೋ ಮಾರಾಯ" ಅಂದರು. ನಾನೇ ಹಟ ಹಿಡಿದು ಲಕ್ಕಿ, ದಾಸವಾಳ ಕಡಿಸಿ, ಸರಿಯಾದ ಗಡಿಗೆ ಕಂಬ ನಿಲ್ಲಿಸಿದೆ. ಅವರ ನೆಲ ಅವರಿಗೆ ಬಿಟ್ಟುಕೊಟ್ಟೆ ಅಂತ ಕೇಳಿದವರಿಗೆಲ್ಲ ಹೇಳಿಕೊಂಡೆ.

ನಿನಗೂ ಅಷ್ಟೇ ಹೇಳಿ ಮುಗಿಸೋಣ ಅಂತ ಕೂತಿದ್ದೆ. ಊರೆಲ್ಲ ಓದುತ್ತೆ, ಓದಲಿ. ದನ, ಗಡಿ ಎಲ್ಲ ನೆಪ ಕಣೋ. ಅಪ್ಪ ಹೋದಮೇಲೆ ದಿನಾ ಸಂಜೆ ದೊಡ್ಡಮ್ಮ ಕಂಡಿಯಲ್ಲಿ ಮುಖ ತೂರಿಸಿ "ಊಟಕ್ಕೆ ಎಂತ ಮಾಡ್ಕಂಡೆ?" ಅಂತ ಕೇಳೋರು. ಅಪ್ಪನನ್ನೂ ಅದೇ ಜಾಗದಲ್ಲಿ ನಿಂತು, ಅದನ್ನೇ ಕೇಳುತ್ತಿದ್ದರು. ನನಗೆ ಗಂಟಲು ಕಟ್ಟುತ್ತಿತ್ತು. ಆ ಮಾತು ಕೇಳಿಸಬಾರದು ಅಂತ ಬೇಲಿ ಹಾಕಿಸಿದೆ.

ಮೊನ್ನೆ ಮಜ್ಜಿಗೆ ಲೋಟ ಹಿಡಿದು ಬಂದರು. ಜಾಲರಿಯ ಕಣ್ಣು 2 ಇಂಚು, ಲೋಟ ತೂರೋದಿಲ್ಲ. ಹಿಮ್ಮಡಿ ಎತ್ತಿ ಮೇಲಿಂದ ದಾಟಿಸೋಕೆ ನೋಡಿದರು, ಎಟುಕಲಿಲ್ಲ. ಲೋಟ ತಂತಿಗೆ ತಾಗಿ ಠಣ್ ಅಂತು, ಮಜ್ಜಿಗೆ ಮೊಣಕೈವರೆಗೂ ಇಳಿಯಿತು. ನಾನು ಅಡುಗೆಮನೆ ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಹೋಗಲಿಲ್ಲ. ಅವರು ಸೆರಗಲ್ಲಿ ಕೈ ಒರೆಸಿಕೊಂಡು ವಾಪಸ್ ಹೋದರು.

ಇಷ್ಟು ಬರೆಯಬೇಕು ಅಂತಿರಲಿಲ್ಲ. ಇರಲಿ ಬಿಡು.

ಮಳೆ ಹಿಡಿಯೋದರೊಳಗೆ ಬಾ. ಕಡಿಸಿದ ಲಕ್ಕಿ ಬುಡದಲ್ಲೇ ಚಿಗುರಿದೆ. ನಡುವೆ ಜಾಲರಿ ಕತ್ತರಿಸಿ, ಗಳ ಸರಿಸಿ ದಾಟೋ ಒಂದು ದಣಪೆ ಕೂರಿಸಬೇಕು, ಬಿದಿರಿನ ಗಳ ತಂದಿಟ್ಟಿದ್ದೇನೆ. ಗೂಟಕ್ಕೆ ತೂತು ಕೊರೆಯೋದು ನಿನಗೇ ಚೆನ್ನಾಗಿ ಬರೋದು. ದೊಡ್ಡಮ್ಮ ನಿನ್ನ ಮುಖ ಕಂಡ ಕೂಡಲೇ ಹಲಸಿನಕಾಯಿ ಲೆಕ್ಕ ಕೇಳ್ತಾರೆ, ಉತ್ತರ ಸಿದ್ಧ ಮಾಡಿಕೊಂಡೇ ಬಸ್ ಹತ್ತು.

ನಿನ್ನ,
ಕಂಡಿಯ ಆಚೆಯವನು