ಹಂಗೆರಿಯಿಂದ ಬಂದ ಕ್ಯಾಸೆಟ್ಟಿನ ಸದ್ದು

ಪ್ರಿಯ ಗೆಳೆಯಾ,

ನಾನು ಕಳಿಸಿದ 'ಆನ್ನೋ ಡೊಮಿನಿ' ಆಲ್ಬಮ್ಮನ್ನು ಅರ್ಧಕ್ಕೇ ನಿಲ್ಲಿಸಿದೆ ಎಂದು ಬರೆದಿದ್ದೀಯ. 'ಬಾವಿಯೊಳಗೆ ಕೂತು ಬಾರಿಸಿದಂತಿದೆ' ಎಂದೂ ಸೇರಿಸಿದ್ದೀಯ. ನಿನ್ನ ಕಿವಿ ಸುಳ್ಳು ಹೇಳಿಲ್ಲ. ಆದರೆ ಆ ಬಾವಿ ಯಾವುದೆಂದು ತಿಳಿದುಕೊಂಡು ಇನ್ನೊಮ್ಮೆ ಕೇಳು.

ಬ್ಲ್ಯಾಕ್ ಮೆಟಲ್ ಎಂಬ ಕರಾಳ, ಅಬ್ಬರದ ರಾಕ್ ನುಡಿಸುವ ಬುಡಾಪೆಸ್ಟಿನ ಟಾರ್ಮೆಂಟರ್ ತಂಡ ಇದನ್ನು ಧ್ವನಿಮುದ್ರಿಸಿದ್ದು 1988ರಲ್ಲಿ. ಹಂಗೆರಿಯಲ್ಲಿ ಆಗಿನ್ನೂ ಕಮ್ಯುನಿಸ್ಟ್ ಆಡಳಿತವಿತ್ತು. ಸರ್ಕಾರ ಪೋಷಿಸುವ ಕಲೆ, ಸಹಿಸುವ ಕಲೆ, ನಿಷೇಧಿಸುವ ಕಲೆ ಎಂದು ದಶಕಗಳ ಕಾಲ ಮೂರು ಪಾಲು ಮಾಡಿಟ್ಟಿದ್ದ ದೇಶ ಅದು. ನರಕದ ಹೆಸರು ಹಿಡಿದು ಕಿರುಚುವ ಹುಡುಗರ ರೆಕಾರ್ಡನ್ನು ಅಲ್ಲಿ ಯಾರು ಹೊರತರುತ್ತಾರೆ? ಹಾಡುಗಳು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತ ಕೈಯಿಂದ ಕೈಗೆ ದಾಟಿದವು. ಕಾಲೇಜಿನ ದಿನಗಳಲ್ಲಿ ನಾವು ಖಾಲಿ ಕ್ಯಾಸೆಟ್ ಕೊಟ್ಟು ಹಾಡು ತುಂಬಿಸಿಕೊಳ್ಳುತ್ತಿದ್ದೆವಲ್ಲ, ನಕಲಿನ ನಕಲು ಮಾಡಿದಾಗ ಡ್ರಮ್ಮಿನ ಹೊಳಪೆಲ್ಲ ಮಾಸಿ 'ಸ್ಸ್' ಎನ್ನುವ ಸದ್ದು ಮೇಲೇಳುತ್ತಿತ್ತಲ್ಲ, ಸಡಿಲಾದ ಟೇಪನ್ನು ನೀನು ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆಯಲ್ಲ, ಇದೂ ಹಾಗೆಯೇ ಬದುಕಿದ ಸಂಗೀತ. ಕಂಪನಿಯೊಂದು ಇದನ್ನು ಅಧಿಕೃತವಾಗಿ ಹೊರತಂದದ್ದು 1995ರಲ್ಲಿ, ಅದೂ ದೂರದ ನಾರ್ವೆಯಲ್ಲಿ. ಅಷ್ಟರಲ್ಲಿ ಗಾಯಕ ಆತಿಲಾ ಚಿಹಾರ್‌ನನ್ನು ನಾರ್ವೆಯವರು ಕರೆಸಿಕೊಂಡೂ ಆಗಿತ್ತು. ಅಲ್ಲಿನ ಮೇಹೆಮ್ ತಂಡದ 1994ರ ಆಲ್ಬಮ್ಮಿನಲ್ಲಿ ನಿನ್ನನ್ನು ಬೆಚ್ಚಿಬೀಳಿಸಿದ ಆ ಕಂಠ ಇವನದೇ.

ಅಲ್ಲಿ ಅವನು ಮಾಟದ ಮಂತ್ರ ಹೇಳುವವನಂತೆ ನರಳುತ್ತಾನೆ. ಇಲ್ಲಿ ಅವನಿಗೆ ಇನ್ನೂ ಹದಿನೇಳು ವರ್ಷ. ಗಂಟಲು ಹರಿದರೂ ಸರಿ ಎನ್ನುವ ಹುಡುಗ.

'ಎಲಿಜಬೆತ್ ಬಾಥೊರಿ' ಹಾಡಿನ ಗಿಟಾರ್ ರಾಗವನ್ನಂತೂ ನಾನು ಎರಡು ವಾರದಿಂದ ಗುನುಗುತ್ತಿದ್ದೇನೆ. ಆಕೆ ಹಂಗೆರಿಯ ಸಿರಿವಂತ ಮನೆತನದವಳು, 1614ರಲ್ಲಿ ತನ್ನದೇ ಕೋಟೆಯಲ್ಲಿ ಸೆರೆಯಾಗಿದ್ದಾಗಲೇ ತೀರಿಕೊಂಡಳು. ಕನ್ಯೆಯರ ರಕ್ತದಲ್ಲಿ ಮೀಯುತ್ತಿದ್ದಳೆಂಬ ಕಥೆ ಅಚ್ಚಾದದ್ದು ಅವಳು ಸತ್ತು ನೂರು ವರ್ಷ ಕಳೆದ ಮೇಲೆ, 1729ರಲ್ಲಿ. ಸ್ವೀಡನ್ನಿನ ತಂಡವೊಂದು ಬಾಥೊರಿ ಎಂದೇ ಹೆಸರಿಟ್ಟುಕೊಂಡಿತು, ಅದೇ ದೇಶದ ಡಿಸೆಕ್ಷನ್ ತಂಡ 1996ರಲ್ಲಿ ಈ ಹಾಡನ್ನು ಚೊಕ್ಕಟವಾಗಿ ನುಡಿಸಿತು. ನನಗೆ ಮೂಲವೇ ಬೇಕು. ಹೊರಗಿನವರಿಗೆ ಬಾಥೊರಿ ಒಂದು ಚೆಂದದ ಹೆಸರು, ಈ ಹುಡುಗರಿಗೆ ಮಾತ್ರ ಅವಳು ಅಜ್ಜಿಕಥೆಯ ರಕ್ಕಸಿ. ಆ ಹತ್ತಿರದ ಭಯ ಅವರ ಹಾಡಿನಲ್ಲಿದೆ.

ದಯವಿಟ್ಟು ಸದ್ದು ತೊಳೆದ ಪ್ರತಿಯನ್ನು ಹುಡುಕಬೇಡ. ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸಿ ಆ ಹಾಡಿನಿಂದಲೇ ಶುರುಮಾಡು. ಮುಗಿದ ಕೂಡಲೇ ಬರೆ, ಎಷ್ಟು ಹೊತ್ತಾಗಿದ್ದರೂ ಎದ್ದಿರುತ್ತೇನೆ.

ಇಂತಿ ನಿನ್ನ ಗೆಳೆಯ